ಕರಾಟೆಯನ್ನು ಉಳಿಸಿದ್ದು ಪದಗಳಲ್ಲ, ಕೂಟ

ಕರಾಟೆ ಕ್ಲಾಸಿನ ಗುಣಮಟ್ಟ ತಿಳಿಯಲು ನಮ್ಮಲ್ಲಿ ಒಂದು ಸುಲಭದ ಅಳತೆಗೋಲು ಬಳಕೆಯಲ್ಲಿದೆ. ಮಾಸ್ಟರು ಎಷ್ಟು ಜಪಾನಿ ಪದ ಬಳಸುತ್ತಾರೆ, ಮಕ್ಕಳು ಎಷ್ಟು ಜೋರಾಗಿ 'ಓಸ್' ಎನ್ನುತ್ತಾರೆ, ಎಣಿಕೆ 'ಒಂದು, ಎರಡು, ಮೂರು' ಬದಲು 'ಇಚಿ, ನಿ, ಸಾನ್' ಎಂದೇ ಸಾಗುತ್ತದೆಯೇ ಎಂದು ನೋಡಿ ಪಾಲಕರು ತೀರ್ಮಾನಕ್ಕೆ ಬರುತ್ತಾರೆ. ಕಲಿಸುವವರಲ್ಲಿ ಬಹಳ ಮಂದಿ ನಂಬಿರುವುದೂ ಇದನ್ನೇ. ಹೊಟ್ಟೆಯ ಕೆಳಗೆ ಬರುವ ಒದೆತವನ್ನು ಮುಂಗೈಯಿಂದ ಸರಿಸುವುದಕ್ಕೆ 'ಗೆದಾನ್ ಬರಾಯಿ' ಎನ್ನದೆ ಕನ್ನಡದ ಮಾತು ಬಳಸಿದರೆ ವಿದ್ಯೆ ಕಲಬೆರಕೆಯಾಯಿತು ಎಂಬ ಅಳುಕು ಅವರಿಗೆ. ಇದರ ಬೆನ್ನಿಗೇ ಇನ್ನೊಂದು ನಂಬಿಕೆಯಿದೆ. ಬೇರೆ ಬೇರೆ ಊರಿನವರು ಕಲೆಯುವ ಶಿಬಿರ, ಚಳಿಗಾಲದ ನಸುಕಿನ ಅಭ್ಯಾಸ, ಹೊಸ ವರ್ಷದ ಮೊದಲ ಕೂಟ, ಎಲ್ಲರೂ ಸೇರಿ ನೆಲ ಒರೆಸುವುದು, ಒಟ್ಟಿಗೆ ಕೂತು ಉಣ್ಣುವುದು ಇವೆಲ್ಲ ಕರಾಟೆಯ ಹೊರಗಿನವು, ಪುರುಸೊತ್ತಿದ್ದರೆ ಮಾಡಬಹುದಾದವು ಎಂಬುದು ಆ ನಂಬಿಕೆ.

ಈ ಎರಡನ್ನೂ ನಾನು ಒಪ್ಪುವುದಿಲ್ಲ. ಕರಾಟೆಯ ಜಪಾನಿ ಪರಿಭಾಷೆ ಬಹುಪಾಲು ಇಪ್ಪತ್ತನೆಯ ಶತಮಾನದ ಮೊದಲ ನಲವತ್ತು ವರ್ಷಗಳಲ್ಲಿ ಶಾಲೆ, ವಿಶ್ವವಿದ್ಯಾಲಯ, ಸರ್ಕಾರಗಳ ಅಗತ್ಯಕ್ಕೆ ತಕ್ಕಂತೆ ರೂಪುಗೊಂಡದ್ದು. ಪ್ರಾಚೀನತೆಯ ಪುರಾವೆಯೆಂದು ಅದನ್ನು ಮುಂದಿಡುವಂತಿಲ್ಲ. ಜನ ಒಂದೆಡೆ ಕಲೆತು, ಒಬ್ಬರ ಅಭ್ಯಾಸವನ್ನು ಇನ್ನೊಬ್ಬರು ನೋಡಿ, ತಿದ್ದಿ, ಹಂಚಿಕೊಂಡ ರೂಢಿ ಅದಕ್ಕಿಂತ ಹಳೆಯದು. ಪದಗಳಿಗೆ ಬೆಲೆ ಬರುವುದೂ ಆ ಕೂಟದಲ್ಲೇ. ಕೂಟವಿಲ್ಲದ ಕಡೆ ಎಷ್ಟು ಜಪಾನಿ ಉದುರಿಸಿದರೂ ಪರಂಪರೆ ಮುಂದುವರಿದಂತಾಗುವುದಿಲ್ಲ.

ಮೊದಲು ಪ್ರಾಚೀನತೆಯ ಮಾತನ್ನು ಒರೆಗೆ ಹಚ್ಚೋಣ. ಇವು ಸಮುರಾಯ್‌ಗಳ ಕಾಲದಿಂದ ಗುರುಪರಂಪರೆಯಲ್ಲಿ ಹರಿದುಬಂದ ಮಾತುಗಳು ಎಂದು ಎಷ್ಟೋ ಕ್ಲಾಸುಗಳಲ್ಲಿ ಮಕ್ಕಳಿಗೆ ಹೇಳಿಕೊಡುತ್ತಾರೆ. ಆದರೆ ಕರಾಟೆ ಬೆಳೆದದ್ದು ಜಪಾನಿನ ಮುಖ್ಯ ದ್ವೀಪಗಳಲ್ಲಲ್ಲ. ಕ್ಯೂಶೂ ಮತ್ತು ತೈವಾನ್ ನಡುವೆ ಸರಪಳಿಯಾಗಿ ಹಬ್ಬಿರುವ ರ್ಯುಕ್ಯು ದ್ವೀಪಗಳಲ್ಲಿ, ಅದರಲ್ಲೂ ಒಕಿನಾವಾದಲ್ಲಿ ಅದು ರೂಪ ಪಡೆಯಿತು. ರ್ಯುಕ್ಯು ತನ್ನದೇ ಅರಸ, ತನ್ನದೇ ನುಡಿ, ಚೀನಾದೊಡನೆ ತನ್ನದೇ ವ್ಯಾಪಾರ ಇದ್ದ ರಾಜ್ಯ. 1609ರಲ್ಲಿ ಸತ್ಸುಮಾದ ಸಮುರಾಯ್ ಪಡೆ ಅದನ್ನು ಗೆದ್ದು ಹಿಡಿತದಲ್ಲಿ ಇಟ್ಟುಕೊಂಡಿತು. 1879ರಲ್ಲಿ ಜಪಾನ್ ಸರ್ಕಾರ ಅರಸನನ್ನು ಇಳಿಸಿ ರಾಜ್ಯವನ್ನು ಒಂದು ಪ್ರಾಂತವಾಗಿ ಸೇರಿಸಿಕೊಂಡಿತು. ಒಕಿನಾವಾದವರ ಪಾಲಿಗೆ ಸಮುರಾಯ್‌ಗಳು ಗೆದ್ದು ಬಂದ ಹೊರಗಿನವರು. ಅಲ್ಲಿನ ಜನ ತಮ್ಮ ವಿದ್ಯೆಯನ್ನು ಬರೀ 'ತೀ' ಎನ್ನುತ್ತಿದ್ದರು, ಎಂದರೆ ಕೈ. ಚೀನಾದ ಕಡೆಯಿಂದ ಬಂದದ್ದಕ್ಕೆ 'ತೋದೀ' ಎಂಬ ಹೆಸರಿತ್ತು.

ಆ ಕಾಲದ ಕಲಿಕೆಯಲ್ಲಿ ಹುಕುಂ ಕೂಗುವ ಪ್ರಮೇಯವೇ ಇರಲಿಲ್ಲ. ಶೊತೊಕಾನ್ ಕರಾಟೆಯ ಮೂಲಪುರುಷ ಗಿಚಿನ್ ಫುನಾಕೊಶಿ ಹುಡುಗನಾಗಿದ್ದಾಗ ರಾತ್ರಿ ಹೊತ್ತು ಗುರು ಅಂಕೊ ಅಜಾತೊ ಅವರ ಮನೆಯ ಅಂಗಳದಲ್ಲಿ ಒಂದೇ ಕಟಾವನ್ನು, ಎಂದರೆ ಕ್ರಮ ನಿಗದಿಯಾದ ವರಸೆಗಳ ಸರಣಿಯನ್ನು, ತಿಂಗಳುಗಟ್ಟಲೆ ಮಾಡುತ್ತಿದ್ದರು. ಗುರು ಕೂತು ನೋಡುತ್ತಿದ್ದರು, ತಪ್ಪಿದರೆ ಮತ್ತೆ ಮಾಡಿಸುತ್ತಿದ್ದರು. ಅಂಗಳದಲ್ಲಿ ಒಬ್ಬಿಬ್ಬರು ಶಿಷ್ಯರಿದ್ದಾಗ ಕಣ್ಣಿನ ಸನ್ನೆ, ಭುಜದ ಮೇಲೊಂದು ತಟ್ಟು ಸಾಕು. ಒಕಿನಾವಾದ ಇನ್ನೊಬ್ಬ ಗುರು ಅಂಕೊ ಇಟೊಸು ಈ ವಿದ್ಯೆಯನ್ನು ಶಾಲೆಯ ಒಳಗೆ ತಂದಾಗ ಪರಿಸ್ಥಿತಿ ಬದಲಾಯಿತು. 1905ರ ಹೊತ್ತಿಗೆ ಅವರು ಪ್ರಾಂತದ ಮಾಧ್ಯಮಿಕ ಶಾಲೆಯ ಹುಡುಗರಿಗೆ ಕಲಿಸುತ್ತಿದ್ದರು. 1908ರಲ್ಲಿ ಶಿಕ್ಷಣ ಇಲಾಖೆಗೆ ಹತ್ತು ಅಂಶಗಳ ಪತ್ರ ಬರೆದರು. ಈ ವಿದ್ಯೆ ಬೌದ್ಧ ಧರ್ಮದಿಂದಲೋ ಕನ್ಫ್ಯೂಷಿಯಸ್ ಪಂಥದಿಂದಲೋ ಬಂದದ್ದಲ್ಲ ಎಂಬುದೇ ಅದರ ಆರಂಭದ ಮಾತು. ಸಾಲುಗಟ್ಟಿ ನಿಂತ ಹುಡುಗರನ್ನು ಒಮ್ಮೆಗೇ ತಿರುಗಿಸಲು, ಒಮ್ಮೆಗೇ ನಿಲ್ಲಿಸಲು ಕೂಗು ಬೇಕಾಯಿತು. ಡ್ರಿಲ್ ಪಿರಿಯಡ್ಡಿನ ಶಿಸ್ತು, ಶಾಲೆಯ ಭಾಷೆಯಾದ ಜಪಾನಿಯ ಆಜ್ಞೆಗಳು ಕರಾಟೆಗೆ ಹೀಗೆ ಬಂದವು. ಇವತ್ತು ನಾವು ಪವಿತ್ರವೆಂದು ಭಾವಿಸುವ ಕೂಗುಗಳಿಗೆ ಶಾಲೆಯ ಆಟದ ಮೈದಾನವೇ ತವರು.

ಪರಿಭಾಷೆ ಕಣ್ಣೆದುರೇ ಹೇಗೆ ಕಟ್ಟಲ್ಪಟ್ಟಿತು ಎಂಬುದಕ್ಕೆ ಒಂದು ಲಿಖಿತ ದಾಖಲೆಯಿದೆ. 1936ರ ಅಕ್ಟೋಬರ್ 25ರಂದು 'ರ್ಯುಕ್ಯು ಶಿಂಪೊ' ಪತ್ರಿಕೆ ಒಕಿನಾವಾದ ನಾಹಾ ನಗರದಲ್ಲಿ ಕರಾಟೆಯ ಹಿರಿಯರ ಸಭೆ ಕರೆಯಿತು. ಚೊಮೊ ಹನಾಶಿರೊ, ಚೊತೊಕು ಕ್ಯಾನ್, ಚೊಕಿ ಮೊತೊಬು, ಚೊಜುನ್ ಮಿಯಾಗಿ, ಚೊಶಿನ್ ಚಿಬಾನಾ ಬಂದಿದ್ದರು. ಶಿಕ್ಷಣ, ಸೇನೆ, ಪೊಲೀಸ್ ಇಲಾಖೆಗಳವರೂ ಇದ್ದರು. ಮುಖ್ಯ ಚರ್ಚೆ ವಿದ್ಯೆಯ ಹೆಸರಿನದು. 'ಕರಾ' ಎಂಬ ಉಚ್ಚಾರವನ್ನು ಅಲ್ಲಿಯವರೆಗೆ ಚೀನಾವನ್ನು ಸೂಚಿಸುವ ಅಕ್ಷರದಿಂದ ಬರೆಯುವುದು ವಾಡಿಕೆ. ಅದನ್ನು ಬಿಟ್ಟು ಬರಿದು ಎಂಬರ್ಥದ ಅಕ್ಷರ ಹಿಡಿಯಬೇಕು, ಟೋಕಿಯೊದಲ್ಲಿ ಆಗಲೇ ಹಾಗೆ ಬರೆಯುತ್ತಿದ್ದಾರೆ ಎಂದು ಪ್ರಕಾಶಕ ಗೆನ್ವಾ ನಕಾಸೊನೆ ವಾದಿಸಿದರು. ಮಿಯಾಗಿ ಹಿಂಜರಿದರು. ಹೆಚ್ಚಿನವರು ಹಳೆಯ ಅಕ್ಷರವನ್ನೇ ಬಳಸುತ್ತಿದ್ದಾರೆ ಎಂಬುದು ಅವರ ಮಾತು. ಹಿಂದೆ ಇದಕ್ಕೆ ಕರಾಟೆಯೆಂದೂ ಹೇಳುತ್ತಿರಲಿಲ್ಲ, ಬರೀ 'ತೀ' ಎನ್ನುತ್ತಿದ್ದೆವು ಎಂಬ ನೆನಪೂ ಅಲ್ಲಿ ಬಂತು. ಕೊನೆಗೆ ಹೊಸ ಅಕ್ಷರ ಗೆದ್ದಿತು. ಮರುವರ್ಷ ಜಪಾನ್ ಚೀನಾದ ಮೇಲೆ ಪೂರ್ಣ ಪ್ರಮಾಣದ ಯುದ್ಧಕ್ಕೆ ಇಳಿಯಿತು ಎಂಬುದನ್ನು ನೆನೆದರೆ ಆ ದಿನಗಳ ಗಾಳಿ ಎತ್ತ ಬೀಸುತ್ತಿತ್ತು ಎಂಬುದು ತಿಳಿಯುತ್ತದೆ.

ನಮ್ಮ ವಾದಕ್ಕೆ ಇನ್ನೂ ಮುಖ್ಯವಾದ ಮಾತು ಅದೇ ಸಭೆಯಲ್ಲಿ ಬಂತು. ಸಮವಸ್ತ್ರದ ವಿಷಯ ಎದ್ದಾಗ ಮಿಯಾಗಿ ಪರಿಭಾಷೆಯನ್ನೂ ಪ್ರಸ್ತಾಪಿಸಿದರು. ಕರಾಟೆಯ ಪದಗಳನ್ನು ಮುಂದೆ ಒಂದು ವ್ಯವಸ್ಥೆಗೆ ತರಬೇಕಾಗುತ್ತದೆ, ಆ ನಿಟ್ಟಿನಲ್ಲಿ ನಾನೇ ಹೊಸ ಪದಗಳನ್ನು ಮಾಡಿ ಬಳಕೆಗೆ ತರುತ್ತಿದ್ದೇನೆ ಎಂಬುದು ಅವರ ಮಾತಿನ ಸಾರ. ಗೊಜು-ರ್ಯು ಪದ್ಧತಿಯ ಸ್ಥಾಪಕರೇ 1936ರಲ್ಲಿ ಪದಗಳು ಇನ್ನೂ ಆಗಬೇಕಾಗಿವೆ ಎನ್ನುತ್ತಿದ್ದಾರೆ. ಅದೇ ಪದಗಳಿಗೆ ಸಾವಿರ ವರ್ಷದ ಪಾಚಿ ಹಚ್ಚಿ ಪ್ರದರ್ಶಿಸುವುದು ಆ ಗುರುವಿಗೇ ಮಾಡುವ ಅನ್ಯಾಯ.

ಟೋಕಿಯೊದ ಕಡೆಯ ಕಥೆಯೂ ಇದೇ ದಾರಿಯದು. ಶಾಲಾ ಶಿಕ್ಷಕರಾಗಿದ್ದ ಫುನಾಕೊಶಿ 1922ರಲ್ಲಿ ಪ್ರದರ್ಶನಕ್ಕೆಂದು ಟೋಕಿಯೊಗೆ ಹೋದವರು ಅಲ್ಲೇ ಉಳಿದರು. ಜೂಡೊದ ಸ್ಥಾಪಕ ಜಿಗೊರೊ ಕಾನೊ ಅಲ್ಲಿ ಫುನಾಕೊಶಿಯವರಿಗೆ ಆಸರೆಯಾದರು. 'ದಾನ್' ಎಂಬ ಬ್ಲ್ಯಾಕ್ ಬೆಲ್ಟಿನ ದರ್ಜೆಗಳನ್ನು ಕಾನೊ 1880ರ ದಶಕದಲ್ಲಿ ಜೂಡೊಗೆಂದು ಜಾರಿಗೆ ತಂದಿದ್ದರು. ಫುನಾಕೊಶಿ 1924ರಲ್ಲಿ ತಮ್ಮ ಶಿಷ್ಯರಿಗೆ ಮೊದಲ ಬಾರಿ ದಾನ್ ಕೊಟ್ಟರು. ಬಿಳಿಯ ಉಡುಪು, ಸೊಂಟದ ಬೆಲ್ಟು ಜೂಡೊದಿಂದ ಬಂದವು. 1935ರ 'ಕರಾಟೆ-ದೊ ಕ್ಯೋಹಾನ್' ಗ್ರಂಥದ ಹೊತ್ತಿಗೆ ಕಟಾಗಳ ಹೆಸರುಗಳೂ ಬದಲಾದವು. ಪಿನಾನ್ 'ಹೇಯಾನ್' ಆಯಿತು, ನೈಹಾಂಚಿ 'ತೆಕ್ಕಿ' ಆಯಿತು, ಕುಶಾಂಕು 'ಕಾಂಕು', ಚಿಂತೊ 'ಗಂಕಾಕು', ವಾನ್ಶೂ 'ಎಂಪಿ' ಆದವು. ಹಳೆಯ ಹೆಸರುಗಳು ಟೋಕಿಯೊದ ವಿದ್ಯಾರ್ಥಿಗಳಿಗೆ ಅರ್ಥವಾಗುತ್ತಿರಲಿಲ್ಲ, ಚೀನಾದ ವಾಸನೆಯೂ ಅವುಗಳಲ್ಲಿತ್ತು, ಅದಕ್ಕೆ ಬದಲಿಸಿದರು. ಕಾಲ ಬದಲಾದಂತೆ ಮುಂದೆ ಈ ಹೆಸರುಗಳೂ ಮತ್ತೆ ಬದಲಾಗುತ್ತವೆ, ಹಾಗಾಗುವುದೇ ಸರಿ ಎಂದು ಅವರೇ ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ಶೊತೊಕಾನ್ ಕ್ಲಾಸಿನಲ್ಲಿ 'ಹೇಯಾನ್' ಎಂಬ ಉಚ್ಚಾರ ಕೊಂಚ ಜಾರಿದರೂ ಗದರುವವರು ಈ ಮಾತನ್ನು ಓದಬೇಕು.

'ಓಸ್' ಎಂಬ ಕೂಗಂತೂ ಇನ್ನೂ ಈಚಿನದು. ಅದರ ಮೂಲದ ಬಗ್ಗೆ ಜಪಾನಿನಲ್ಲೇ ಒಮ್ಮತವಿಲ್ಲ. ಅದು ಹಬ್ಬಿದ್ದು ಜಪಾನಿನ ವಿಶ್ವವಿದ್ಯಾಲಯಗಳ ಗಂಡುಹುಡುಗರ ಕ್ಲಬ್ಬುಗಳಲ್ಲಿ, ಮುಂದೆ ಕ್ಯೊಕುಶಿನ್ ಪದ್ಧತಿಯ ಮೂಲಕ ಲೋಕದ ತುಂಬ. ಒಕಿನಾವಾದ ಎಷ್ಟೋ ದೋಜೊಗಳಲ್ಲಿ, ಎಂದರೆ ಅಭ್ಯಾಸದ ಮನೆಗಳಲ್ಲಿ, ಇಂದಿಗೂ ಆ ಕೂಗು ಇಲ್ಲ. ಗುರು ಏನಾದರೂ ಹೇಳಿದರೆ ಶಿಷ್ಯರು 'ಹಾಯ್' ಎನ್ನುತ್ತಾರೆ, ಅಂದರೆ ಹೌದು. ಕರಾಟೆಯ ತವರುಮನೆಯಲ್ಲಿ ಬೇಡವಾದದ್ದು ನಮ್ಮಲ್ಲಿ ಅಪ್ಪಟತನದ ಮೊದಲ ಪರೀಕ್ಷೆಯಾಗಿ ಕೂತಿದೆ.

ಈ ಅಪ್ಪಟತನದ ಮಾತಿನ ಅಡಿಯಲ್ಲಿ ಒಂದು ನೋವು ಹೂತುಹೋಗಿದೆ. ಜಪಾನಿ ಪದಗಳು ಒಳಗೆ ಬಂದಾಗ ಒಕಿನಾವಾದ ಮಾತು ಹೊರಗೆ ಹೋಯಿತು. ಶಾಲೆಯಲ್ಲಿ ಮನೆಮಾತು ಆಡಿದ ಮಗುವಿನ ಕೊರಳಿಗೆ 'ಹೋಗೆನ್ ಫುದಾ' ಎಂಬ ಮರದ ಹಲಗೆ ತೂಗುಹಾಕುತ್ತಿದ್ದರು. ಇನ್ನೊಂದು ಮಗು ಅದೇ ತಪ್ಪು ಮಾಡಿ ಸಿಕ್ಕಿಬೀಳುವವರೆಗೆ ಹಲಗೆ ಮೊದಲ ಮಗುವಿನ ಕೊರಳಲ್ಲೇ ಇರಬೇಕಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಂದ ಈ ಶಿಕ್ಷೆ ಎರಡನೆಯ ಮಹಾಯುದ್ಧದ ನಂತರವೂ ಕೆಲವೆಡೆ ಉಳಿದಿತ್ತು. ಒಕಿನಾವಾದ ನುಡಿಯೂ ಸೇರಿದಂತೆ ಆ ದ್ವೀಪಗಳ ನುಡಿಗಳನ್ನು ಯುನೆಸ್ಕೊ 2009ರಲ್ಲಿ ಅಳಿವಿನಂಚಿನ ಪಟ್ಟಿಯಲ್ಲಿ ಸೇರಿಸಿತು.

ಆ ನುಡಿಯಲ್ಲಿ ಕರಾಟೆಯ ಒಳಗುಟ್ಟಿನ ಮಾತುಗಳಿದ್ದವು. ಹಳೆಯ ದೋಜೊಗಳಲ್ಲಿ ಈಗಲೂ ಕೆಲವು ಕಿವಿಗೆ ಬೀಳುತ್ತವೆ. 'ಗಮಾಕು' ಎಂದರೆ ಸೊಂಟದ ಇಕ್ಕೆಲದ ಭಾಗ, ಹೊಡೆತದ ಬಲವೆಲ್ಲ ಅಲ್ಲಿಂದ ತಿರುಗಿ ಬರಬೇಕು. 'ಚಿಂಕುಚಿ' ಎಂದರೆ ಏಟು ತಾಗುವ ಕ್ಷಣದಲ್ಲಿ ಮೈಯ ಕೀಲು, ಸ್ನಾಯುಗಳೆಲ್ಲ ಒಟ್ಟಿಗೆ ಬಿಗಿಯಾಗುವುದು. 'ಮುಚಿಮಿ' ಎಂದರೆ ಎದುರಾಳಿಯ ಕೈಗೆ ಅಂಟಿದ ಹಾಗೆ ಜಿಗುಟಾಗಿ ಚಲಿಸುವ ಗುಣ. ಇವು ಮೈಯೊಳಗೆ ಏನಾಗಬೇಕು ಎಂಬುದನ್ನು ಹೇಳುವ ಪದಗಳು. ನಮ್ಮ ಗ್ರೇಡಿಂಗ್ ಪರೀಕ್ಷೆಯಲ್ಲಿ ಕೇಳುವ ಜಪಾನಿ ಪದಗಳಾದರೋ ಬಹುತೇಕ ಕೈ ಯಾವ ಎತ್ತರದಲ್ಲಿರಬೇಕು, ಕಾಲು ಯಾವ ಕಡೆ ಹೋಗಬೇಕು ಎಂಬ ಹೊರನೋಟದವು. ನೂರು ಮಕ್ಕಳಿಗೆ ಒಮ್ಮೆಗೇ ಕಲಿಸಲು ಹೊರನೋಟ ಸಾಕಾಗುತ್ತದೆ. ಅದನ್ನೇ ವಿದ್ಯೆಯ ತಿರುಳೆಂದು ಹೇಳುವುದು ಮಾತ್ರ ಸರಿಯಲ್ಲ.

ನಮ್ಮ ಕಡೆ ಇದರಿಂದ ಆಗುತ್ತಿರುವ ಹಾನಿ ನನಗೆ ಹೆಚ್ಚು ಚಿಂತೆಯ ವಿಷಯ. ಕಲ್ಯಾಣ ಮಂಟಪದಲ್ಲಿ ನಡೆಯುವ ಯಾವುದೇ ಬೆಲ್ಟ್ ಪರೀಕ್ಷೆಗೆ ಹೋಗಿ ನೋಡಿ. ಎಂಟು ಹತ್ತು ವರ್ಷದ ಮಕ್ಕಳು ಮಂಡಿಯೂರಿ ಕೂತು 'ದೋಜೊ ಕುನ್' ಎಂಬ ನಡತೆಯ ನಿಯಮಗಳನ್ನು ಹೇಳುತ್ತಾರೆ. ಐದು ವಾಕ್ಯಗಳು, ಪ್ರತಿಯೊಂದರ ಮೊದಲಿಗೂ 'ಹಿತೊತ್ಸು' ಎಂಬ ಕೂಗು. ಸ್ವರ ಒಂದೇ ಸಮ, ಬೆನ್ನು ನೇರ, ನೋಡಲು ಚೆಂದ. ಮುಗಿದ ಮೇಲೆ ಒಂದು ಮಗುವನ್ನು ಕರೆದು ಇದರ ಅರ್ಥವೇನು ಎಂದು ಕೇಳಿ. ಬಹುತೇಕ ಸಲ ಉತ್ತರ ಬರುವುದಿಲ್ಲ. ಆ ಐದು ವಾಕ್ಯಗಳು ನಡತೆಯನ್ನು ತಿದ್ದಿಕೋ, ನಿಷ್ಠೆ ಬಿಡಬೇಡ, ಪ್ರಯತ್ನ ಬಿಡಬೇಡ, ವಿನಯದಿಂದಿರು, ದುಡುಕಿ ಕೈಮಾಡಬೇಡ ಎನ್ನುತ್ತವೆ. ಐದಕ್ಕೂ 'ಒಂದು' ಎಂದೇ ಎಣಿಕೆ ಹಾಕಿರುವುದು ಯಾವುದೂ ಇನ್ನೊಂದಕ್ಕಿಂತ ಕಡಿಮೆಯಲ್ಲ ಎಂಬುದಕ್ಕೆ. ಮಗುವಿಗೆ ಅದರ ಭಾಷೆಯಲ್ಲಿ ಹೇಳಿದರೆ ಇದು ಬದುಕಿಗೆ ಬರುವ ಪಾಠ. ಹೇಳದೆ ಬಿಟ್ಟರೆ ಗಿಳಿಪಾಠ. ದುಡುಕಿ ಕೈಮಾಡಬೇಡ ಎಂಬ ಮಾತನ್ನು ವಾರಕ್ಕೆ ಮೂರು ಸಲ ಕೂಗುವ ಹುಡುಗನಿಗೆ ತಾನು ಕೂಗುತ್ತಿರುವುದು ಅದನ್ನೇ ಎಂದು ಗೊತ್ತಿಲ್ಲದಿದ್ದರೆ ತಪ್ಪು ಯಾರದು?

ಅರ್ಥವಾಗದ ಮಾತಿಗೆ ಇನ್ನೊಂದು ಅಪಾಯವೂ ಇದೆ. ಅದು ಪ್ರಶ್ನೆಯ ಬಾಯಿ ಕಟ್ಟುತ್ತದೆ. 'ಕೈಯನ್ನು ಇಲ್ಲಿಗೇ ಯಾಕೆ ತರಬೇಕು' ಎಂದು ಕನ್ನಡದಲ್ಲಿ ಕೇಳುವ ಮಗುವಿಗೆ ಜಪಾನಿ ಹೆಸರನ್ನೇ ಉತ್ತರವಾಗಿ ಕೊಟ್ಟರೆ ಅದು ಸುಮ್ಮನಾಗುತ್ತದೆ, ಕಲಿತಿರುವುದಿಲ್ಲ. ಬಿರುದುಗಳ ವಿಷಯವೂ ಹೀಗೇ. ಜಪಾನಿನಲ್ಲಿ 'ಸೆನ್ಸೇ' ಎಂಬುದು ಶಾಲಾ ಶಿಕ್ಷಕರಿಗೆ, ವೈದ್ಯರಿಗೆ ಇತರರು ಗೌರವದಿಂದ ಬಳಸುವ ಮಾತು. ತನ್ನನ್ನು ತಾನೇ ಹಾಗೆ ಕರೆದುಕೊಳ್ಳುವುದು ಅಲ್ಲಿ ಸಭ್ಯತೆಯಲ್ಲ. ನಮ್ಮಲ್ಲಿ ಬ್ಯಾನರಿನ ಮೇಲೆ, ವಿಸಿಟಿಂಗ್ ಕಾರ್ಡಿನ ಮೇಲೆ ತಮ್ಮ ಹೆಸರಿನ ಮುಂದೆ ತಾವೇ ಸೆನ್ಸೇ, ಶಿಹಾನ್, ಹಾನ್ಶಿ ಎಂದು ಅಚ್ಚು ಹಾಕಿಸುವವರು ಕಡಿಮೆಯಿಲ್ಲ. ಭಾಷೆ ಗೊತ್ತಿಲ್ಲದ ಪಾಲಕರು ಆ ಪದಗಳ ಗಾಂಭೀರ್ಯಕ್ಕೆ ತಲೆಬಾಗಿ ಶುಲ್ಕ ಕಟ್ಟುತ್ತಾರೆ. 'ಕರಾಟೆ ಕಿಂಗ್' ಶಂಕರ್ ನಾಗ್ ಅವರನ್ನು ತೆರೆಯ ಮೇಲೆ ಕಂಡು ಈ ವಿದ್ಯೆಗೆ ಮನಸೋತ ನಾಡು ನಮ್ಮದು. ಆ ಪ್ರೀತಿಯನ್ನು ಅರ್ಥವಾಗದ ಬಿರುದುಗಳಿಗೆ ಮಾರಿಕೊಳ್ಳಬಾರದು.

ಹಾಗಾದರೆ ಜಪಾನಿ ಪದಗಳನ್ನೆಲ್ಲ ಕಿತ್ತು ಹಾಕಿ, ಎಲ್ಲವನ್ನೂ ಕನ್ನಡದಲ್ಲೇ ಹೇಳೋಣ ಎಂದು ವಾದಿಸುವವರೂ ಇದ್ದಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ತೀರ್ಮಾನವನ್ನು ಮಾತ್ರ ಒಪ್ಪಲಾರೆ. 'ಯೋಯ್' ಎಂದರೆ ಸಿದ್ಧರಾಗಿ, 'ಹಜಿಮೆ' ಎಂದರೆ ಶುರು ಮಾಡಿ, 'ಯಮೆ' ಎಂದರೆ ನಿಲ್ಲಿಸಿ, 'ಮವಾತ್ತೆ' ಎಂದರೆ ತಿರುಗಿ. ಇಂಥ ಮೂವತ್ತು ನಲವತ್ತು ಪದ ಗೊತ್ತಿರುವ ಹುಬ್ಬಳ್ಳಿಯ ಹುಡುಗಿ ನಾಹಾದಲ್ಲೋ ಸಾವೊ ಪಾವ್ಲೊದಲ್ಲೋ ಅಪರಿಚಿತರ ಸಾಲಿನಲ್ಲಿ ನಿಂತು ಮೊದಲ ದಿನವೇ ಅಭ್ಯಾಸ ಮಾಡಬಲ್ಲಳು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ರೆಫರಿ 'ಅಕಾ' ಎಂದರೆ ಕೆಂಪು ಬೆಲ್ಟಿನವರು, 'ಅಒ' ಎಂದರೆ ನೀಲಿಯವರು ಎಂದು ಯಾವ ದೇಶದ ಸ್ಪರ್ಧಿಗಾದರೂ ತಿಳಿಯುತ್ತದೆ. ಪರಸ್ಪರ ಭಾಷೆ ಬಾರದ ಜನ ಒಟ್ಟಿಗೆ ಮೈದಣಿಸಲು ಬೇಕಾದ ಸೇತುವೆ ಇದು. ಅದನ್ನು ಕೆಡವುವುದು ಜಾಣತನವಲ್ಲ. ಆದರೆ ಈ ವಾದ ಏನನ್ನು ಸಾಬೀತು ಮಾಡುತ್ತದೆ ಎಂಬುದನ್ನು ಗಮನಿಸಿ. ಅಪರಿಚಿತರು ಕೂಡಿದಾಗ ಪದ ಕೆಲಸಕ್ಕೆ ಬರುತ್ತದೆ. ತನ್ನ ನಾಲ್ಕು ಗೋಡೆಯಾಚೆ ಯಾರನ್ನೂ ನೋಡದ, ಪಕ್ಕದ ಬಡಾವಣೆಯ ಕ್ಲಾಸಿನವರೊಡನೆ ಮಾತೂ ಬಿಟ್ಟಿರುವ ಗುಂಪಿಗೆ ಈ ಸೇತುವೆಯಿಂದ ಏನು ಉಪಯೋಗ?

ಕೂಟವೇ ಹಳೆಯದು ಎಂದೆ. ಕರಾಟೆ ಶತಮಾನಗಳ ಕಾಲ ಕದ ಮುಚ್ಚಿ ಕಲಿಸಿದ ರಹಸ್ಯವಿದ್ಯೆ ಎಂಬ ಜನಪ್ರಿಯ ಕಥೆಗೆ ಇದು ಒಗ್ಗುವುದಿಲ್ಲ ಎನ್ನಬಹುದು. ರಾತ್ರಿ ಹೊತ್ತು ಗುಟ್ಟಾಗಿ ಕಲಿತವರು ಇದ್ದದ್ದು ನಿಜ, ಫುನಾಕೊಶಿಯವರ ಕಥೆಯೇ ಅದಕ್ಕೆ ಸಾಕ್ಷಿ. ಆದರೆ ಅದೇ ಪೂರ್ಣ ಚಿತ್ರವಲ್ಲ. ರ್ಯುಕ್ಯುವಿನ ಕೊನೆಯ ಅರಸ ಶೊ ತಾಯ್ ಅವರಿಗೆ ಚೀನಾದ ಚಕ್ರವರ್ತಿಯ ಮನ್ನಣೆ ದೊರೆತ ಸಂಭ್ರಮಕ್ಕಾಗಿ 1867ರಲ್ಲಿ ರಾಜಧಾನಿ ಶುರಿಯಲ್ಲಿ ಕಲಾಪ್ರದರ್ಶನ ನಡೆಯಿತು. ಕುಮೆ ಗ್ರಾಮದವರು ನಡೆಸಿಕೊಟ್ಟ ಆ ಕಾರ್ಯಕ್ರಮದ ಪಟ್ಟಿಯಲ್ಲಿ ಅರಗಾಕಿ ಎಂಬುವರ ಸೇಸಾನ್ ಕಟಾ ಇದೆ, ತೊಮಿಮುರಾ ಎಂಬುವರ ಸುಪಾರಿಂಪೇ ಇದೆ. ಇಂದಿನ ಮಕ್ಕಳು ಟೂರ್ನಮೆಂಟಿನಲ್ಲಿ ಮಾಡುವ ಅದೇ ಹೆಸರಿನ ಕಟಾಗಳು, ದಾನ್ ಪದವಿಗಳು ಹುಟ್ಟುವುದಕ್ಕೂ ಹದಿನೈದು ವರ್ಷಕ್ಕೂ ಹಿಂದೆ, ನೆರೆದ ಜನರ ಎದುರು ನಡೆದಿದ್ದವು.

1920ರ ದಶಕದಲ್ಲಿ ನಾಹಾದ ವಾಕಾಸಾದಲ್ಲಿ ಒಂದು ಅಧ್ಯಯನ ಕೂಟ ಕೆಲವು ವರ್ಷ ನಡೆಯಿತು. ಚೊಯು ಮೊತೊಬು, ಹನಾಶಿರೊ, ಮಿಯಾಗಿ, ಕೆನ್ವಾ ಮಬುನಿ ಮುಂತಾದವರು, ಅಂದರೆ ಬೇರೆ ಬೇರೆ ಗುರುಗಳ ಶಿಷ್ಯರು, ಅಲ್ಲಿ ಸೇರುತ್ತಿದ್ದರು. ಚೀನಾದಿಂದ ಬಂದು ನಾಹಾದಲ್ಲಿ ಚಹಾ ವ್ಯಾಪಾರ ಮಾಡುತ್ತಿದ್ದ, ಬಿಳಿ ಕೊಕ್ಕರೆ ಶೈಲಿಯಲ್ಲಿ ಪಳಗಿದ್ದ ಗೊ ಕೆಂಕಿ ಕೂಡ ಅಲ್ಲಿದ್ದರು. ಗೊಜು-ರ್ಯು, ಶಿತೊ-ರ್ಯು ಎಂಬ ಹೆಸರುಗಳು ಗಟ್ಟಿಯಾಗುವ ಮೊದಲು ಅವುಗಳ ಸ್ಥಾಪಕರಾದ ಮಿಯಾಗಿ, ಮಬುನಿ ಒಂದೇ ನೆಲದ ಮೇಲೆ ಬೆವರು ಸುರಿಸಿದ್ದರು. 1940ರ ಸುಮಾರಿಗೆ ಎಲ್ಲ ಪಂಥದವರಿಗೂ ಸಮಾನವಾದ ಕಟಾ ಬೇಕೆಂದಾಗ ಶೊಶಿನ್ ನಗಾಮಿನೆ ಒಂದನ್ನು, ಮಿಯಾಗಿ ಇನ್ನೊಂದನ್ನು ರಚಿಸಿದರು. 'ಫುಕ್ಯುಗಾತಾ' ಎಂಬ ಆ ಕಟಾಗಳ ಉದ್ದೇಶವೇ ಎಲ್ಲರನ್ನೂ ಕೂಡಿಸುವುದು. 1936ರ ಸಭೆಯ ನೆನಪಿಗೆ ಒಕಿನಾವಾದ ವಿಧಾನಸಭೆ 2005ರಲ್ಲಿ ಅಕ್ಟೋಬರ್ 25ನ್ನು ಕರಾಟೆ ದಿನವೆಂದು ಘೋಷಿಸಿತು. 2016ರ ಅಕ್ಟೋಬರಿನಲ್ಲಿ ನಾಹಾದ ಕೊಕುಸಾಯ್ ದೊರಿ ಬೀದಿಯಲ್ಲಿ 3,973 ಮಂದಿ ಒಟ್ಟಿಗೆ ನಿಂತು ಮಾಡಿದ್ದು ನಗಾಮಿನೆಯವರ ಆ ಕಟಾವನ್ನೇ. ಗಿನ್ನೆಸ್ ದಾಖಲೆ ಎಂದು ಸುದ್ದಿಯಾಯಿತು. ನನ್ನ ಮಟ್ಟಿಗೆ ಅದರ ಹಿರಿಮೆ ಸಂಖ್ಯೆಯಲ್ಲಿಲ್ಲ. ಪಂಥಗಳ ಜಗಳ ಮರೆತು ನಿಲ್ಲಬಹುದಾದ ಒಂದು ಕಟಾವನ್ನು ಹಿರಿಯರು ಮುಂಚೆಯೇ ಕಟ್ಟಿಟ್ಟಿದ್ದರು ಎಂಬುದರಲ್ಲಿದೆ.

ದೊಡ್ಡ ಸಮಾರಂಭಕ್ಕಿಂತ ಸಣ್ಣ ಕೂಟಗಳ ಕೆಲಸ ಇನ್ನೂ ಆಳವಾದದ್ದು. ಜಪಾನಿನ ದೋಜೊಗಳಲ್ಲಿ ಅಭ್ಯಾಸ ಮುಗಿದ ಮೇಲೆ 'ಸೋಜಿ' ನಡೆಯುತ್ತದೆ. ಒದ್ದೆ ಬಟ್ಟೆಯನ್ನು ಮರದ ನೆಲದ ಮೇಲೆ ಹರಡಿ, ಎರಡೂ ಅಂಗೈ ಅದರ ಮೇಲೂರಿ, ಸೊಂಟ ಮೇಲೆತ್ತಿ, ಈ ಗೋಡೆಯಿಂದ ಆ ಗೋಡೆಗೆ ತಳ್ಳುತ್ತಾ ಓಡಬೇಕು. ತೊಡೆ ಉರಿಯುತ್ತದೆ, ಬಟ್ಟೆ ಕಪ್ಪಾಗುತ್ತದೆ, ಹಿಂಡಿ ಮತ್ತೆ ಓಡಬೇಕು. ನಿನ್ನೆ ಸೇರಿದವನೂ ಹತ್ತು ವರ್ಷದ ಬ್ಲ್ಯಾಕ್ ಬೆಲ್ಟಿನವನೂ ಪಕ್ಕಪಕ್ಕದಲ್ಲಿ ಓಡುತ್ತಾರೆ. ಜನವರಿಯ ಕಡು ಚಳಿಯಲ್ಲಿ ಹಲವು ದಿನ ನಸುಕಿನಲ್ಲಿ ನಡೆಯುವ 'ಕಂಗೇಕೊ' ಅಭ್ಯಾಸ, ಬೇಸಿಗೆಯ ಬೇಗೆಯಲ್ಲಿ 'ಶೊಚುಗೇಕೊ', ಒಂದೇ ಸೂರಿನಡಿ ಉಂಡು ಮಲಗುವ 'ಗಶ್ಶುಕು' ಶಿಬಿರ ಇದೇ ಜಾತಿಯವು. ಜನವರಿ 11ರ ಸುಮಾರಿಗೆ ಹೊಸ ವರ್ಷಕ್ಕೆ ಇಟ್ಟಿದ್ದ ಅಕ್ಕಿಯ ಗಟ್ಟಿ ಮೋಚಿಯನ್ನು ಒಡೆದು, ಬೇಯಿಸಿ ಎಲ್ಲರೂ ತಿನ್ನುವ 'ಕಗಾಮಿ ಬಿರಾಕಿ' ಇದೆ. ಒಕಿನಾವಾದ ಬದುಕಿನಲ್ಲಿ 'ಮೊಆಯ್' ಎಂಬ ರೂಢಿಯೂ ಇದೆ. ಗೊತ್ತಾದ ಹತ್ತಾರು ಮಂದಿ ತಿಂಗಳಿಗೊಮ್ಮೆ ಸೇರಿ ಹಣ ಹಾಕಿ ಸರದಿಯಂತೆ ಒಬ್ಬೊಬ್ಬರು ಎತ್ತಿಕೊಳ್ಳುತ್ತಾರೆ, ನಮ್ಮ ಚೀಟಿಯಂತೆಯೇ. ಹಣ ನೆಪ. ಕಷ್ಟದಲ್ಲಿ ಕೈಹಿಡಿಯುವ ಬಳಗ ತಿಂಗಳಿಗೊಮ್ಮೆ ಮುಖ ನೋಡಿಕೊಳ್ಳುವುದು ಮುಖ್ಯ. ಕಷ್ಟಸುಖ ವಿಚಾರಿಸುವ ಇಂಥ ಬಳಗದ ಅಭ್ಯಾಸವಿರುವ ಸಮಾಜದಲ್ಲಿ ಕರಾಟೆ ಬೆಳೆಯಿತು ಎಂಬುದನ್ನು ಮರೆಯುವಂತಿಲ್ಲ.

ಈ ಕೂಟಗಳಲ್ಲೂ ಕೆಲವು ಈಚಿನವೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಹೌದು. ಕಗಾಮಿ ಬಿರಾಕಿಯನ್ನು ತರಬೇತಿ ಶಾಲೆಗಳಲ್ಲಿ ರೂಢಿಗೆ ತಂದದ್ದು 1880ರ ದಶಕದ ಜೂಡೊದವರು. ಶೊಚುಗೇಕೊ, ಗಶ್ಶುಕುಗಳು ವಿಶ್ವವಿದ್ಯಾಲಯದ ಕ್ಲಬ್ಬುಗಳಲ್ಲಿ ಬಲಗೊಂಡವು. ಆದರೂ ಪದಕ್ಕೂ ಕೂಟಕ್ಕೂ ಒಂದು ವ್ಯತ್ಯಾಸವಿದೆ. ಪದವನ್ನು ಅರ್ಥ ತಿಳಿಯದೆ ಬಾಯಿಪಾಠ ಮಾಡಿದರೆ ಏನೂ ದಕ್ಕುವುದಿಲ್ಲ. ನೆಲವನ್ನು ಅರ್ಥ ತಿಳಿಯದೆ ಒರೆಸಿದರೂ ನೆಲ ಸ್ವಚ್ಛವಾಗುತ್ತದೆ, ಒರೆಸಿದವನ ಹಮ್ಮು ಒಂದಿಷ್ಟು ಇಳಿಯುತ್ತದೆ. ನಸುಕಿನ ಚಳಿಯಲ್ಲಿ ಪಕ್ಕದವನು ಹಲ್ಲು ಕಚ್ಚಿ ನಿಂತಿದ್ದಾನೆ ಎಂಬ ಕಾರಣಕ್ಕೇ ತಾನೂ ನಿಂತವನು ಪಟ್ಟು ಬಿಡದಿರುವುದನ್ನು ಮೈಯಿಂದ ಕಲಿಯುತ್ತಾನೆ.

ಟೂರ್ನಮೆಂಟುಗಳು ಇವೆಯಲ್ಲ, ಅವೂ ಕೂಟವೇ ಎಂಬ ಆಕ್ಷೇಪವೂ ಬರುತ್ತದೆ. ಸ್ಪರ್ಧೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. 2021ರ ಆಗಸ್ಟ್‌ನಲ್ಲಿ ಟೋಕಿಯೊದ ನಿಪ್ಪೊನ್ ಬುದೊಕಾನ್‌ನಲ್ಲಿ ಒಕಿನಾವಾದ ರ್ಯೊ ಕಿಯುನಾ ಕಟಾ ವಿಭಾಗದ ಚಿನ್ನ ಗೆದ್ದು, ಆ ಪ್ರಾಂತಕ್ಕೆ ಮೊದಲ ಒಲಿಂಪಿಕ್ ಚಿನ್ನ ತಂದರು. ತನ್ನ ವಿದ್ಯೆಯನ್ನು ಲೋಕಕ್ಕೆ ಕೊಟ್ಟ ನಾಡು ಆ ದಿನ ಹೆಮ್ಮೆಪಟ್ಟದ್ದು ನ್ಯಾಯವೇ. ಮುಂದಿನ ಪ್ಯಾರಿಸ್ ಕ್ರೀಡಾಕೂಟದಲ್ಲಿ ಕರಾಟೆಯೇ ಇರಲಿಲ್ಲ. ಸ್ಪರ್ಧೆಯ ವೇದಿಕೆಯನ್ನು ಕೊಡುವವರು, ಕಸಿದುಕೊಳ್ಳುವವರು ಬೇರೆಯವರು. ಸ್ಪರ್ಧೆಯ ದಿನ ಪಕ್ಕದ ಊರಿನವನು ಎದುರಾಳಿ. ಗೆದ್ದವರು ಪದಕ ಹಿಡಿದು, ಸೋತವರು ಚೀಲ ಹೊತ್ತು ಸಂಜೆಯ ಬಸ್ಸು ಹಿಡಿಯುತ್ತಾರೆ. ಅಲ್ಲಿ ಯಾರೂ ಯಾರಿಗೂ ಕಲಿಸುವುದಿಲ್ಲ. ನಾನು ಹೇಳುವ ಕೂಟದಲ್ಲಿ ಅದೇ ಇಬ್ಬರು ಮುಖಾಮುಖಿ ನಿಂತು, 'ನಿನ್ನ ಕಾಲು ಬೇಗ ಬರುತ್ತದೆ, ಹೇಗೆ ಮಾಡುತ್ತೀ ತೋರಿಸು' ಎನ್ನಬೇಕು.

ಕೂಟಗಳೂ ಕೆಡುತ್ತವೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಹಿರಿಯರು ಕಿರಿಯರನ್ನು ಆಳುಗಳಂತೆ ದುಡಿಸಿಕೊಳ್ಳುವ ಶಿಬಿರಗಳಿವೆ. ಶುಲ್ಕ ಕಟ್ಟಿ ಸರ್ಟಿಫಿಕೇಟ್ ಪಡೆಯದಿದ್ದರೆ ಮುಂದಿನ ಬೆಲ್ಟಿಲ್ಲ ಎನ್ನುವ 'ಸೆಮಿನಾರ್'ಗಳಿವೆ. ದೂರದ ಊರಿಗೆ ಮಗಳನ್ನು ಕಳುಹಿಸಲು ಹೆತ್ತವರು ಅಂಜುವ ಕಾಲವಿದು, ಆ ಅಂಜಿಕೆಗೆ ಕಾರಣಗಳೂ ಇವೆ. ಹೆಣ್ಣುಮಕ್ಕಳಿಗೆ ಮಹಿಳಾ ತರಬೇತುದಾರರಿರಲಿ, ಪಾಲಕರಿಗೆ ಸದಾ ತೆರೆದ ಬಾಗಿಲಿರಲಿ, ಖರ್ಚಿನ ಲೆಕ್ಕ ಎಲ್ಲರ ಮುಂದಿರಲಿ. ಇವು ಕೂಟವನ್ನು ಸರಿಪಡಿಸುವ ಕ್ರಮಗಳು. ಕೂಟವನ್ನೇ ಕೈಬಿಡಲು ಇವನ್ನು ನೆಪ ಮಾಡಿಕೊಂಡರೆ ಉಳಿಯುವುದು ತಿಂಗಳ ಫೀಸು ಮತ್ತು ಬೆಲ್ಟಿನ ಬಣ್ಣ.

ಮಾಡಬೇಕಾದದ್ದು ಕಷ್ಟದ್ದೇನಲ್ಲ. ಆಜ್ಞೆಯ ಪದಗಳು ಜಪಾನಿಯಲ್ಲೇ ಇರಲಿ, ವಿವರಣೆ ಪೂರ್ತಿ ಕನ್ನಡದಲ್ಲಿರಲಿ. ಪಟ್ಟು, ವರಸೆ, ಮಗ್ಗುಲು, ಬಿಗಿ, ಸಡಿಲ ಎಂಬ ಮಾತುಗಳು ನಮ್ಮ ಗರಡಿಮನೆಗಳಲ್ಲಿ ತಲೆಮಾರುಗಳಿಂದ ಇದೇ ಕೆಲಸ ಮಾಡಿವೆ. ದೋಜೊ ಕುನ್ ಜಪಾನಿಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಹೇಳಿಸಲಿ. ಗ್ರೇಡಿಂಗ್‌ನಲ್ಲಿ ಪದದ ಉಚ್ಚಾರದ ಬದಲು ಅದರ ಕೆಲಸವನ್ನು ಕೇಳಲಿ. ಮೂರು ತಿಂಗಳಿಗೊಮ್ಮೆ ತಾಲ್ಲೂಕಿನ ಕ್ಲಾಸುಗಳೆಲ್ಲ, ಯಾವ ಪಂಥದವಾದರೂ ಸರಿ, ಪದಕವಿಲ್ಲದೆ, ಬ್ಯಾನರಿಲ್ಲದೆ ಒಂದು ಶಾಲೆಯ ಮೈದಾನದಲ್ಲಿ ಸೇರಲಿ. ಮೊದಲು ಮೈದಾನ ಗುಡಿಸಲಿ, ಆಮೇಲೆ ಅಭ್ಯಾಸ, ಕೊನೆಗೆ ಒಟ್ಟಿಗೆ ಊಟ. ಸರ್ಕಾರಿ ವಸತಿಶಾಲೆಗಳಲ್ಲಿ ಆತ್ಮರಕ್ಷಣೆಗೆಂದು ಕರಾಟೆ ಕಲಿಯುವ ಹೆಣ್ಣುಮಕ್ಕಳನ್ನೂ ಈ ಕೂಟಕ್ಕೆ ಕರೆಯಲಿ. ತರಬೇತಿಯ ಅವಧಿ ಮುಗಿದ ಮೇಲೂ ಅವರ ಅಭ್ಯಾಸ ಉಳಿಯಬೇಕಾದರೆ ಜತೆಗಾರರ ಬಳಗ ಬೇಕು.

ಇಟೊಸು ತಮ್ಮ ಕಾಲದ ಶಾಲಾಮಕ್ಕಳಿಗೆ ಹೊಂದುವಂತೆ ಕಟಾ ಕಟ್ಟಿದರು. ಮಿಯಾಗಿ ತಮ್ಮ ವಿದ್ಯಾರ್ಥಿಗಳಿಗೆ ಬೇಕಾದ ಪದಗಳನ್ನು ಮಾಡಿದರು. ಫುನಾಕೊಶಿ ಎದುರಿಗಿದ್ದವರಿಗೆ ತಿಳಿಯುವ ಹೆಸರುಗಳನ್ನಿಟ್ಟು, ಮುಂದೆ ನೀವೂ ಬದಲಿಸಿ ಎಂದು ಹೋದರು. ಮೂವರೂ ಪದಗಳನ್ನು ಕಲಿಯುವವರ ಅನುಕೂಲಕ್ಕೆ ಬಗ್ಗಿಸಿದರು, ಕಲಿಯುವವರನ್ನು ಪದಗಳಿಗೆ ಬಗ್ಗಿಸಲಿಲ್ಲ. ಅವರ ಫೋಟೊ ಗೋಡೆಗೆ ತೂಗುಹಾಕಿ ನಮಸ್ಕರಿಸುವ ನಮ್ಮ ಗುರುಗಳು ಅವರ ಈ ಧೈರ್ಯವನ್ನೂ ಪಾಠವಾಗಿ ತೆಗೆದುಕೊಳ್ಳಬೇಕು. ಕನ್ನಡದ ಮಕ್ಕಳಿಗೆ ಕನ್ನಡದಲ್ಲಿ ತಿಳಿಸಿ, ಊರೂರಿನವರನ್ನು ಒಂದೆಡೆ ಕೂಡಿಸಿ ಕಲಿಸಿದರೆ ಒಕಿನಾವಾದ ಆ ಹಿರಿಯರ ಕೆಲಸ ಇಲ್ಲಿಯೂ ಮುಂದುವರಿಯುತ್ತದೆ.